ಸಾರಥಿಯ ಪ್ರಶ್ನೆ

1953ರವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ, ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಊರ ಮುಂದೆ ಅಟ್ಟ ಹಾಕಿ ಬೆಳಗಿನವರೆಗೆ ಆಡುವ ದೊಡ್ಡಾಟಕ್ಕೆ ಒಂದು ವಿಲಕ್ಷಣವಾದ ಪದ್ಧತಿಯುಂಟು. ಕಿರೀಟ ಭುಜಕೀರ್ತಿಗಳನ್ನು ಧರಿಸಿ, ಮದ್ದಳೆಯ ಗತ್ತಿಗೆ ಅಟ್ಟ ನಡುಗುವಂತೆ ಹೆಜ್ಜೆಯಿಡುತ್ತ ಬಂದ ಅರಸನನ್ನು, ಆತನೆಷ್ಟೇ ಪ್ರಖ್ಯಾತನಾಗಿರಲಿ, ಆಟದ ಸೂತ್ರಧಾರನಾದ ಸಾರಥಿಯು ತಡೆದು, ತಾವು ಯಾರು, ಯಾವ ದೇಶಾಧಿಪತಿಗಳು, ಬಂದ ಕಾರಣವೇನು ಎಂದು ಕೇಳಿಯೇ ಕೇಳುವನು. ಸಂಜೆಯತನಕ ಎತ್ತು ಹೊಡೆಯುತ್ತಿದ್ದವನೇ ಈ ಅರಸನೆಂಬುದನ್ನು ನೆರೆದ ಊರೆಲ್ಲ ಬಲ್ಲುದು. ಬಲ್ಲುದರಿಂದಲೇ ಪ್ರಶ್ನೆಗೆ ಸ್ವಾರಸ್ಯ. ಬಳ್ಳಾರಿಯ ರಾಘವರಂತಹ ಮಹಾನಟರು ಪರದೆಯ ಹಿಂದೆಯೇ ಪಾತ್ರವಾಗಿ ಬಿಡುತ್ತಿದ್ದರು. ನಮ್ಮ ಒಕ್ಕಲಿಗ ನಟನಾದರೋ ಎಲ್ಲರ ಕಣ್ಣೆದುರಿಗೆ, ಬಾಯಿಬಿಟ್ಟು ಹೇಳಿ, ಪಾತ್ರವಾಗಬೇಕು.

ಪುರಾಣದ ವೀರರಿಗೆ ಈ ಪ್ರಶ್ನೆ ಬರಿಯ ಉಪಚಾರ. ಕಂಪಿಲರಾಯನ ಮಗ ಕುಮಾರರಾಮನಿಗೆ ಹಾಗಲ್ಲ. ತನ್ನ ವಿರುದ್ಧ ಬಂಡೆದ್ದ ಬಂಧು ಗುರ್ಶಾಸ್ಪನಿಗೆ ಕಂಪಿಲರಾಯನು ಆಶ್ರಯವಿತ್ತನೆಂಬ ಕಾರಣದಿಂದ ಮಹಮ್ಮದ್ ಬಿನ್ ತುಘಲಕನ ಸೈನ್ಯವು 1327ರ ಸುಮಾರಿಗೆ ಕಂಪಿಲಿಯ ರಾಜ್ಯವನ್ನು ನಿರ್ನಾಮ ಮಾಡಿತು. ರಾಯನ 11 ಮಂದಿ ಮಕ್ಕಳು ಸೆರೆಯಾಗಿ, ಮತಾಂತರ ಹೊಂದಿ, ಅಮೀರರಾದರೆಂದು ಪ್ರವಾಸಿ ಇಬ್ನ್ ಬತೂತನು ಬರೆದಿಟ್ಟನು. ರಾಮನ ಕಥೆಯನ್ನು ಕಾವ್ಯವಾಗಿಸಿದ 16ನೆಯ ಶತಮಾನದ ನಂಜುಂಡಕವಿಯೂ ಆಟ ಕಟ್ಟಿದ ಹಳ್ಳಿಯವರೂ ಈ ಕೊನೆಯನ್ನು ಒಪ್ಪಲಿಲ್ಲ. ಅವರ ರಾಮನು ಪರನಾರೀಸಹೋದರ. ಮಲತಾಯಿ ರತ್ನಾಜಿಯ ಮೋಹವನ್ನು ನಿರಾಕರಿಸಿ, ಆಕೆಯ ದೂರಿನಿಂದ ತಂದೆಯಿಂದಲೇ ಮರಣದಂಡನೆಗೆ ಗುರಿಯಾದವನು. ಮಂತ್ರಿ ಬೈಚಪ್ಪನು ಅವನನ್ನು ಗುಟ್ಟಾಗಿ ಅಡಗಿಸಿ, ಬೇರೊಬ್ಬನ ತಲೆಯನ್ನು ತೋರಿಸಿ ಅರಸನನ್ನು ನಂಬಿಸುತ್ತಾನೆ. ದೆಹಲಿಯ ದಂಡು ಕೋಟೆಯನ್ನು ಮುತ್ತಿದಾಗ, ಸತ್ತನೆಂದು ಲೋಕವೆಲ್ಲ ಅತ್ತು ಮರೆತ ರಾಮನು ಹೊರಬರುತ್ತಾನೆ. ಇಂಥವನನ್ನು ತಾವು ಯಾರೆಂದು ಕೇಳುವುದು ಉಪಚಾರದ ಮಾತಾದೀತೆ? ಇಬ್ನ್ ಬತೂತನ ರಾಜಪುತ್ರನೇ, ಕವಿಯ ನಾಯಕನೇ, ನಿನ್ನೆ ನಮ್ಮ ಕಣದಲ್ಲಿ ರಾಶಿ ತೂರಿದವನೇ ಎಂಬ ಮೂರು ಸಂದೇಹಗಳೂ ಅದರಲ್ಲಿ ಒಮ್ಮೆಗೇ ಅಡಗಿವೆ.

ಕಾಳಗದಲ್ಲಿ ರಾಮನ ತಲೆ ದೆಹಲಿಯ ದಂಡಿನ ವೀರೆ ಮಾತಂಗಿಯ ಕೈಸೇರಿ ದೆಹಲಿಗೆ ಹೋಗುತ್ತದೆ. ಗಿರೀಶ ಕಾರ್ನಾಡರು 1964ರಲ್ಲಿ ನಾಟಕವಾಗಿಸಿದ ತುಘಲಕನ ಅಂತರಂಗದ ಸಂಕಟಗಳೊಂದನ್ನೂ ಅಟ್ಟದಾಟವು ಅರಿಯದು. ಅಲ್ಲಿ ಆತನು ದೊಡ್ಡ ಮೀಸೆಯ ಸುರತಾಳ. ಆದರೆ ದೆಹಲಿಯಿಂದ ಬಂದವನೆಂದು ಅವನಿಗೂ ರಿಯಾಯಿತಿಯಿಲ್ಲ. ಹರಕು ಟೊಪ್ಪಿಗೆಯ ಅದೇ ಸಾರಥಿಯ ಮುಂದೆ ನಿಂತು, ಅಚ್ಚ ಕನ್ನಡದಲ್ಲಿ, ತನ್ನ ಹೆಸರು ಹೇಳಿದ ಮೇಲೆಯೇ ಅವನ ದಂಡು ಹೊರಡಬೇಕು.