ಆಟದ ಲೋಕದಲ್ಲಿ ಬಣ್ಣದ ಬೆಲೆ

1909ರಲ್ಲಿ ಪಾಲ್ ಫ್ರೀಡ್‌ಲೆಂಡರ್ ಎಂಬ ರಸಾಯನಶಾಸ್ತ್ರಜ್ಞನು ಮ್ಯೂರೆಕ್ಸ್ ಜಾತಿಯ 12,000 ಕಡಲ ಬಸವನಹುಳುಗಳಿಂದ ಪಡೆದ ಊದಾ ಬಣ್ಣವು ಕೇವಲ 1.4 ಗ್ರಾಂ. ಪ್ರಾಚೀನ ಟೈರ್ ನಗರದ ಊದಾ ವಸ್ತ್ರವು ಅಷ್ಟೊಂದು ದುಬಾರಿಯಾಗಿದ್ದುದರ ಕಾರಣ ಇದರಿಂದ ವಿದಿತವಾಗುತ್ತದೆ. ಹಾಗಾದರೆ ಪದಾರ್ಥವೂ ಶ್ರಮವೂ ಬೇಡದ ಲೋಕದಲ್ಲಿ ಬಣ್ಣಕ್ಕೆ ಬೆಲೆ ಬರುವುದೆಂತು? ಅಂತರ್ಜಾಲದಲ್ಲಿ ಸಹಸ್ರಾರು ಜನರು ಕೂಡಿ ಆಡುವ ಪಾತ್ರಧಾರಣೆಯ ಆಟಗಳ ಇತಿಹಾಸದಲ್ಲಿ ನಾವು ಇದಕ್ಕೆ ಉತ್ತರವನ್ನು ಕಾಣಬಹುದು.

1997ರ 'ಅಲ್ಟಿಮಾ ಆನ್‌ಲೈನ್' ಆಟದಲ್ಲಿ ಬಣ್ಣದ ತೊಟ್ಟಿಯನ್ನು ಕೊಂಡು ಉಡುಪಿಗೆ ಬಣ್ಣ ಹಾಕಬಹುದಾಗಿತ್ತು. ಅಂಗಡಿಯಲ್ಲಿ ದೊರೆಯದ ಅಚ್ಚಗಪ್ಪಿನ ತೊಟ್ಟಿಯು ಅಪೂರ್ವ ವಸ್ತುವೆನಿಸಿತು. 2005ರ 'ಗಿಲ್ಡ್ ವಾರ್ಸ್' ಆಟದಲ್ಲಿ ಬಣ್ಣವು ಸೀಸೆಯ ರೂಪ ತಳೆಯಿತು. ಕವಚಕ್ಕೆ ಹಚ್ಚಿದೊಡನೆ ಸೀಸೆ ಬರಿದಾಗುತ್ತಿತ್ತು. ವರ್ತಕನ ದರವು ಆಟಗಾರರ ಕ್ರಯವಿಕ್ರಯಗಳಿಗೆ ಅನುಗುಣವಾಗಿ ಏರಿಳಿಯುತ್ತಿತ್ತು. ಇಲ್ಲಿಯೂ ಕಪ್ಪು ಬಣ್ಣವೇ ಅತ್ಯಂತ ದುಬಾರಿಯಾದವುಗಳಲ್ಲೊಂದು. 2012ರ 'ಗಿಲ್ಡ್ ವಾರ್ಸ್ 2' ಆಟದಲ್ಲಾದರೋ ಒಮ್ಮೆ ಗಳಿಸಿದ ಬಣ್ಣವು ವ್ಯಯವಾಗದೆ ಉಳಿಯಿತು. ಮೊದಲು ಒಂದೇ ಪಾತ್ರಕ್ಕೆ ಸೀಮಿತವಾಗಿದ್ದ ಈ ಸೌಲಭ್ಯವು 2014ರಲ್ಲಿ ಆಟಗಾರನ ಎಲ್ಲ ಪಾತ್ರಗಳಿಗೂ ವಿಸ್ತರಿಸಿತು. ಪದಾರ್ಥವಾಗಿದ್ದ ಬಣ್ಣವು ಹೀಗೆ ಹಕ್ಕಾಗಿ ಪರಿಣಮಿಸಿತು.

ಕಪ್ಪನ್ನು ತೋರಿಸಲು ಗಣಕಯಂತ್ರಕ್ಕೆ ಕೆಂಪಿಗಿಂತ ಹೆಚ್ಚಿನ ಶ್ರಮವೇನೂ ಇಲ್ಲ. ಅದನ್ನು ದುರ್ಲಭಗೊಳಿಸಿದ್ದು ಪ್ರಕೃತಿಯಲ್ಲ, ನಿಯಮ. ಈ ದೃಷ್ಟಿಯಿಂದ ಪುನಃ ರೋಮಿನತ್ತ ನೋಡಿದರೆ, ಅಲ್ಲಿಯೂ ಶ್ರೇಷ್ಠ ಊದಾ ವರ್ಣವನ್ನು ಚಕ್ರವರ್ತಿಗೇ ಮೀಸಲಿಟ್ಟ ಶಾಸನಗಳು ನಮಗೆ ಎದುರಾಗುತ್ತವೆ. ಹುಳುವಿನಿಂದಾದ ದುರ್ಲಭತೆಯೆಷ್ಟು, ಅಧಿಕಾರದಿಂದಾದುದೆಷ್ಟು ಎಂಬುದನ್ನು ವಿವೇಚಿಸದೆ ಬಣ್ಣದ ಇತಿಹಾಸವು ಪೂರ್ಣವಾಗಲಾರದು.