ಕಡಲಾಚೆಯ ಬನ್ನಿ

ಮೈಸೂರು ಸೀಮೆಯಲ್ಲಿ ‘ಬನ್ನಿ’ ಎಂದೊಡನೆ ಮೊದಲು ಹೊಳೆಯುವುದು ಮರ್ಯಾದೆಯಿಂದ ಕರೆಯುವ ಕ್ರಿಯಾಪದವಾದರೆ, ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಆಡುಮಾತಿನಲ್ಲಿ ಆ ಕೆಲಸವನ್ನು ‘ಬರ್ರಿ’ ಎಂಬ ರೂಪವು ವಹಿಸಿಕೊಂಡಿರುವುದರಿಂದ, ‘ಬನ್ನಿ’ ಎಂಬುದು ಒಂದು ಗಿಡಕ್ಕೂ ಅದರ ಎಲೆಗೂ ದಸರೆಯ ಆಚರಣೆಗೂ ಮೀಸಲಾಗಿ ಉಳಿದಿದೆ. ಈ ಭಾಗದಲ್ಲಿ ದೊಡ್ಡ ಮರವನ್ನೂ ಗಿಡವೆಂದೇ ಕರೆಯುವುದು ರೂಢಿ. ಸಂಸ್ಕೃತದಲ್ಲಿ ಶಮೀ ಎನಿಸಿಕೊಂಡು, ಸಸ್ಯಶಾಸ್ತ್ರದಲ್ಲಿ ಪ್ರೊಸೋಪಿಸ್ ಸಿನೆರೇರಿಯ ಎಂಬ ಹೆಸರು ಪಡೆದಿರುವ ಈ ಮರದ ಕನ್ನಡ ಹೆಸರನ್ನು ಬೆಂಕಿ ಎಂಬರ್ಥದ ‘ವಹ್ನಿ’ಯ ತದ್ಭವವೆಂದು, ಅಂದರೆ ಸಂಸ್ಕೃತ ಪದವು ಕನ್ನಡದ ಬಾಯಿಗೆ ಒಗ್ಗಿ ತಾಳಿದ ರೂಪವೆಂದು, ಗುರುತಿಸುವುದುಂಟು, ಯಜ್ಞದ ಬೆಂಕಿಯನ್ನು ಕಡೆದು ತೆಗೆಯುವ ಅರಣಿಗೂ ಶಮಿಗೂ ಇರುವ ಹಳೆಯ ನಂಟು ಈ ಮಾತಿಗೆ ಪುಷ್ಟಿ ಕೊಡುತ್ತದೆ.

ವಿಜಯದಶಮಿಯಂದು ದೇವರ ಪಲ್ಲಕ್ಕಿಯು ಬನ್ನಿ ಗಿಡದವರೆಗೆ ಹೋಗಿ ಪೂಜೆಗೊಳ್ಳುವುದಕ್ಕೆ ‘ಬನ್ನಿ ಮುಡಿಯುವುದು’ ಎಂದು ಹೆಸರು. ಹೂವಿಗೆ ಸಲ್ಲುವ ಕ್ರಿಯಾಪದವು ಇಲ್ಲಿ ಮುಳ್ಳುಗಿಡದ ಎಲೆಗೆ ಸಂದಿದೆ. ಅದಾದ ಮೇಲೆ ನಡೆಯುವುದು ‘ಬನ್ನಿ ಕೊಡುವುದು’. ಹುಣಸೆಯ ಎಲೆಯಂತೆ ಸಣ್ಣಗಿರುವ ನಾಲ್ಕು ಎಲೆಗಳನ್ನು ಕಿರಿಯರು ಹಿರಿಯರ ಕೈಯಲ್ಲಿಟ್ಟು ಕಾಲಿಗೆ ನಮಸ್ಕರಿಸುತ್ತಾರೆ, ಓರಗೆಯವರು ಎಲೆ ಬದಲಿಸಿಕೊಂಡು ಅಪ್ಪಿಕೊಳ್ಳುತ್ತಾರೆ, ವರ್ಷವಿಡೀ ಮಾತು ಬಿಟ್ಟವರಿಗೂ ಅಂದು ಮಾತಾಡಲು ಒಂದು ನೆಪ ಸಿಗುತ್ತದೆ. ಆಗ ಆಡುವ ಮಾತು ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂಬುದು. ಸಂಕೇಶ್ವರದ ಆಚೆ ಕೊಲ್ಹಾಪುರದ ಕಡೆ ಹೋದರೆ ಮರಾಠಿಯವರು ಅದೇ ದಿನ ಆಪಟೆ ಎಂಬ ಬೇರೊಂದು ಮರದ ಎಲೆ ಕೊಟ್ಟು, ಅದನ್ನೇ ‘ಸೋನೆ’, ಅಂದರೆ ಚಿನ್ನ, ಎಂದು ಕರೆದು, ಚಿನ್ನದಂತೆ ಇರಿ ಎಂದು ಸಾಮಾನ್ಯವಾಗಿ ಹರಸುತ್ತಾರೆ. ಕನ್ನಡದ ಮಾತಿನಲ್ಲಿ ಎಲೆಯು ಎಲೆಯಾಗಿಯೇ ಇದ್ದು, ಬಂಗಾರದಂತೆ ಆಗಬೇಕಾದವರು ಮನುಷ್ಯರು. ಅದೂ ಪಡೆದವರಷ್ಟೇ ಅಲ್ಲ, ‘ಇರೋಣ’ ಎಂಬ ರೂಪವು ಕೊಟ್ಟವರನ್ನೂ ಒಳಗೆ ಸೇರಿಸಿಕೊಳ್ಳುತ್ತದೆ.

ಈ ಪದವು ಕಡಲಾಚೆಗೆ ಹೋಗುವ ಸಂದರ್ಭವು ವಿನಿಮಯ ವಿದ್ಯಾರ್ಥಿಗಳ, ಎಂದರೆ ಒಂದು ಶಾಲಾವರ್ಷವನ್ನೋ ಅವಧಿಯನ್ನೋ ಬೇರೆ ದೇಶದಲ್ಲಿ, ಹಲವೊಮ್ಮೆ ಅಲ್ಲಿಯದೇ ಒಂದು ಕುಟುಂಬದೊಡನೆ ಕಳೆಯುವವರ, ಬದುಕಿನಲ್ಲಿ ಒದಗುತ್ತದೆ. ಮೊದಲನೆಯ ಮಹಾಯುದ್ಧದ ಆಂಬ್ಯುಲೆನ್ಸ್ ಸೇವೆಯಾಗಿ 1915ರಲ್ಲಿ ಹುಟ್ಟಿದ ಎಎಫ್‌ಎಸ್ ಸಂಸ್ಥೆಯು 1947ರಲ್ಲಿ ಇಂಥ ಶಾಲಾ ವಿನಿಮಯವನ್ನು ಕೈಗೆತ್ತಿಕೊಂಡಿತು. ಯುರೋಪಿನ ಎರಾಸ್ಮಸ್ ಯೋಜನೆ ಆರಂಭವಾದದ್ದು 1987ರಲ್ಲಿ. ಅಮೆರಿಕ, ಯುರೋಪುಗಳ ಶಾಲಾವರ್ಷ ಆಗಸ್ಟ್, ಸೆಪ್ಟೆಂಬರಿನಲ್ಲಿ ತೊಡಗುವುದರಿಂದ, ಬೆಳಗಾವಿ ಜಿಲ್ಲೆಯಿಂದ ಹೋದವರಿಗೆ ಹೊಸ ಮನೆಯ ಪರಿಚಯ ಇನ್ನೂ ಕುದುರುವ ಮೊದಲೇ ದಸರೆ ಬಂದುಬಿಡುತ್ತದೆ. ಸಂಸ್ಕೃತಿ ದಿನದ ವೇದಿಕೆಯಲ್ಲಿ ಉಡುಗೆಯನ್ನು ತೋರಿಸಬಹುದು, ಗೋಕಾಕದ ಕರದಂಟನ್ನು ತಟ್ಟೆಯಲ್ಲಿಟ್ಟು ಎಲ್ಲರಿಗೂ ಹಂಚಬಹುದು. ಆದರೆ ಬನ್ನಿಯನ್ನು ತೋರಿಸಿ ಮುಗಿಸಲು ಬರುವುದಿಲ್ಲ, ಅದನ್ನು ಕೈಯಿಂದ ಕೈಗೆ ಕೊಡಲೇಬೇಕಾದ್ದರಿಂದ ಪರದೇಶದವರು ನೋಡುಗರಾಗಿ ಉಳಿಯದೆ ಹಬ್ಬದೊಳಗೆ ಬರುತ್ತಾರೆ. ಅನ್ಯರೊಡನೆ ಹಂಚಿಕೊಳ್ಳಲು ಇದಕ್ಕಿಂತ ತಕ್ಕ ಆಚರಣೆ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಎಲೆಯನ್ನು ಒಯ್ಯುವುದು ಮಾತ್ರ ಸುಲಭವಲ್ಲ. ಯುರೋಪಿಯನ್ ಒಕ್ಕೂಟವು 2019ರ ಡಿಸೆಂಬರ್ 14ರಿಂದ, ಅನಾನಸು, ತೆಂಗು, ಬಾಳೆ, ಖರ್ಜೂರ ಮೊದಲಾದ ಐದು ಹಣ್ಣುಗಳನ್ನು ಬಿಟ್ಟು, ಪ್ರಯಾಣಿಕರ ಚೀಲದಲ್ಲಿ ಬರುವ ಹಸಿ ಎಲೆ, ಹೂವುಗಳಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನು, ಅಂದರೆ ಕೀಟರೋಗಗಳಿಲ್ಲವೆಂದು ಹೊರಡುವ ದೇಶದ ಅಧಿಕಾರಿಗಳು ಕೊಡುವ ಪತ್ರವನ್ನು, ಕಡ್ಡಾಯ ಮಾಡಿದೆ. ಸಂಯುಕ್ತ ಅರಬ್ ಎಮಿರೇಟ್ಸಿಗೆ ಓದಲು ಹೋದವರಿಗೆ ಎಲೆಯ ಕೊರತೆ ಇಲ್ಲ; ಗಾಫ್ ಎಂಬ ಹೆಸರಿನಲ್ಲಿ ಆ ದೇಶದ ರಾಷ್ಟ್ರೀಯ ಮರವಾಗಿರುವುದೂ, 2019ರಲ್ಲಿ ಅಲ್ಲಿ ಆಚರಿಸಿದ ಸಹಿಷ್ಣುತೆಯ ವರ್ಷಕ್ಕೆ ಲಾಂಛನವಾದದ್ದೂ ಇದೇ ಬನ್ನಿ. ಉಳಿದವರು ಅಲ್ಲಿಯ ಯಾವುದೋ ಮರದ ಎಲೆಯನ್ನೋ ಹಸಿರು ಕಾಗದದ ಚೂರನ್ನೋ ಬಳಸಿದರೆ ಶಾಸ್ತ್ರ ಕೆಡುವುದಿಲ್ಲ, ಏಕೆಂದರೆ ಒಂದು ಮರದ ಬದಲಿಗೆ ಇನ್ನೊಂದರ ಎಲೆ ಸಲ್ಲುವುದನ್ನು ಗಡಿಯ ಆಪಟೆಯೇ ತೋರಿಸಿಕೊಟ್ಟಿದೆ. ಜೋಪಾನ ಮಾಡಬೇಕಾದದ್ದು ಆಡುವ ಮಾತನ್ನು: ಆತಿಥೇಯರ ಭಾಷೆಯಲ್ಲಿ ಅದನ್ನು ‘ನಿಮಗೆ ಸಿರಿ ಒದಗಲಿ’ ಎಂದು ಬಿಡಿಸಿದರೆ ‘ಇರೋಣ’ ಅಳಿಸಿಹೋಗುತ್ತದೆಯಾದ್ದರಿಂದ, ಮೊದಲು ಕನ್ನಡದಲ್ಲೇ ಹೇಳಿ, ಎಲೆಯನ್ನು ಮರಳಿ ಕೊಡುವಾಗ ಅದೇ ಮಾತನ್ನು ಹೇಳುವಂತೆ ಆ ಮನೆಯವರಿಗೂ ಕಲಿಸುವುದು ಲೇಸು.