‘ಹಾಲಿ’ ಮಾಜಿಯಾದ ಕತೆ: ಕಲ್ಯಾಣ ನಾಡಿನ ಎರಡು ರೂಪಾಯಿ

ಬಸವಕಲ್ಯಾಣ/ಹುಮನಾಬಾದ: ಪೌಂಡ್, ಫ್ರಾಂಕ್, ಮಾರ್ಕ್ ಎಂದು ದೇಶಕ್ಕೊಂದು ನಾಣ್ಯವಿದ್ದ ಯೂರೋಪಿನಲ್ಲಿ ಗಡಿ ದಾಟಿದವರು ಹಣ ಬದಲಿಸಿಕೊಳ್ಳಬೇಕಾಗಿತ್ತು. ಇಂಥದೇ ವ್ಯವಹಾರ ಬೀದರ್ ಜಿಲ್ಲೆಯ ಜನರಿಗೂ ಹೊಸದಾಗಿರಲಿಲ್ಲ. ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಉಮರ್ಗಾ, ನಳದುರ್ಗ ದಾಟಿ ಸೊಲ್ಲಾಪುರ ಸೇರಿದರೆ ಸಾಕು, ಜೇಬಿನಲ್ಲಿದ್ದ ರೂಪಾಯಿಯ ಬೆಲೆ ಕುಗ್ಗುತ್ತಿತ್ತು. ನಳದುರ್ಗದವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನ, ಅಲ್ಲಿಂದಾಚೆ ಬ್ರಿಟಿಷರ ಮುಂಬೈ ಪ್ರಾಂತ್ಯ. ಇಲ್ಲಿ ನಡೆಯುತ್ತಿದ್ದುದು ‘ಹಾಲಿ ಸಿಕ್ಕ’, ಅಲ್ಲಿನದು ‘ಕಲದಾರ’.

ಹಾಲಿ ಎಂದರೆ ಸದ್ಯ ಚಲಾವಣೆಯಲ್ಲಿರುವುದು. ‘ಹಾಲಿ ಶಾಸಕ’ ಎನ್ನುವಾಗ ಪತ್ರಿಕೆಗಳು ಬಳಸುವುದೂ ಇದೇ ಪದವನ್ನು. ಕಲದಾರ ಎಂದರೆ ‘ಕಲ್’ನಿಂದ, ಅರ್ಥಾತ್ ಯಂತ್ರದಿಂದ ಅಚ್ಚಾದದ್ದು. ಹೈದರಾಬಾದಿನ ನಾಣ್ಯವೂ ಮುಂದೆ ಯಂತ್ರದಿಂದಲೇ ಹೊರಬಂದರೂ ಜನರ ಬಾಯಲ್ಲಿ ಕಲದಾರ ಎಂಬುದು ಬ್ರಿಟಿಷ್ ರೂಪಾಯಿಯ ಹೆಸರಾಗಿಯೇ ಉಳಿಯಿತು.

ಹಿಂದೆ ಸಂಸ್ಥಾನದೊಳಗೂ ಒಂದೇ ನಾಣ್ಯವಿರಲಿಲ್ಲ. ಸುರಪುರ, ಗದ್ವಾಲ, ನಾರಾಯಣಪೇಟೆ, ವನಪರ್ತಿಗಳಲ್ಲಿ ಪ್ರತ್ಯೇಕ ಟಂಕಸಾಲೆಗಳಿದ್ದವು. ನವಾಬರ ಜಾಗೀರಾಗಿದ್ದ ಕಲ್ಯಾಣಿಯ, ಅಂದರೆ ಇಂದಿನ ಬಸವಕಲ್ಯಾಣದ, ಹೆಸರೂ ನಾಣ್ಯಶಾಸ್ತ್ರಜ್ಞರ ಪಟ್ಟಿಯಲ್ಲಿದೆ. ದಿವಾನ ಒಂದನೇ ಸಾಲಾರ್ ಜಂಗ್ ಅವರ ಆಡಳಿತ ಸುಧಾರಣೆಗಳ ನಂತರ ಟಂಕಿಸುವ ಕೆಲಸ ಹೈದರಾಬಾದಿನಲ್ಲಿ ಕೇಂದ್ರೀಕೃತವಾಯಿತು. 20ನೇ ಶತಮಾನದ ಆರಂಭದಲ್ಲಿ ಚಾರ್‌ಮಿನಾರ್ ಚಿತ್ರದ ರೂಪಾಯಿ ಬಂತು. ಆ ಚಿತ್ರದ ಬಾಗಿಲಿನೊಳಗೆ ಮಹಬೂಬ್ ಅಲಿ ಖಾನರ ಕಾಲದಲ್ಲಿ ‘ಮೀಮ್’, ಉಸ್ಮಾನ್ ಅಲಿ ಖಾನರ ಕಾಲದಲ್ಲಿ ‘ಐನ್’ ಅಕ್ಷರವನ್ನು ಕೂರಿಸಲಾಗುತ್ತಿತ್ತು. ನಾಣ್ಯ ಯಾವ ನಿಜಾಮರದೆಂದು ಗುರುತಿಸಲು ಇಂದಿಗೂ ಅದೇ ಸುಲಭದ ದಾರಿ.

ಬೆಳ್ಳಿಯ ಲೆಕ್ಕ

ಎರಡು ರೂಪಾಯಿಗಳ ಬೆಲೆ ಬೇರೆಯಾಗಲು ಕಾರಣ ಬೆಳ್ಳಿ. ಕಲದಾರ 11.66 ಗ್ರಾಂ ತೂಗುತ್ತಿತ್ತು. ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಹಾಲಿಯ ತೂಕ 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8 ಭಾಗ. ಶುದ್ಧ ಬೆಳ್ಳಿಯನ್ನಷ್ಟೇ ಲೆಕ್ಕ ಹಾಕಿದರೆ ಕಲದಾರದಲ್ಲಿ ಸುಮಾರು 10.69 ಗ್ರಾಂ, ಹಾಲಿಯಲ್ಲಿ 9.14 ಗ್ರಾಂ. 100 ಕಲದಾರಕ್ಕೆ ಸರಿಗಟ್ಟಲು ಹೆಚ್ಚುಕಡಿಮೆ 117 ಹಾಲಿ ಬೇಕು. ಸರ್ಕಾರಿ ಲೆಕ್ಕದ ದರವೂ ಇದರ ಸಮೀಪದ್ದೇ: 100 ಕಲದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಸರಳವಾಗಿ ಹೇಳುವುದಾದರೆ 7 ಹಾಲಿಗೆ 6 ಕಲದಾರ. 1940ರ ದಶಕದಲ್ಲಿ ಎರಡೂ ಕಡೆ ನಾಣ್ಯದ ಬೆಳ್ಳಿ ಅರ್ಧಕ್ಕೆ ಇಳಿದರೂ ಈ ದರ ಕದಲಲಿಲ್ಲ.

ಪೇಟೆಯ ದರ ಮಾತ್ರ ಇಷ್ಟು ನಿಶ್ಚಿತವಾಗಿರುತ್ತಿರಲಿಲ್ಲ. ಹಣ ಬದಲಿಸಿಕೊಡುವ ಚಿನಿವಾರರು ಬೇಡಿಕೆ ನೋಡಿ ವಟ್ಟ ಮುರಿದುಕೊಳ್ಳುತ್ತಿದ್ದರು. ಒಂದು ಕಲದಾರಕ್ಕೆ ಒಂದು ರೂಪಾಯಿ ಎರಡಾಣೆ ಎಂಟು ಪೈ ಎಂಬ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲ ವ್ಯಾಪಾರಿಗೆ ನಷ್ಟವಿರಲಿಲ್ಲ. ಲೆಕ್ಕ ಬಾರದ ರೈತ, ಕೂಲಿಕಾರನಿಗೆ ಇತ್ತು. ಭಾಷೆ, ನೆಂಟಸ್ತನ ಎರಡೂ ಒಂದೇ ಆಗಿದ್ದ ಕಲಬುರಗಿ ಮತ್ತು ವಿಜಯಪುರಗಳ ನಡುವೆಯೂ ಇದೇ ಗಡಿ ಹಾದುಹೋಗಿತ್ತು.

ಲಂಡನ್ನಿನ ನೋಟು

ನಿಜಾಮ ಸರ್ಕಾರ 1918ರಲ್ಲಿ ಕಾಗದದ ನೋಟುಗಳನ್ನು ಹೊರತಂದಿತು. ಮುದ್ರಣ ಲಂಡನ್ನಿನ ವಾಟರ್‌ಲೋ ಕಂಪೆನಿಯದು. ಉರ್ದು, ತೆಲುಗು, ಮರಾಠಿಗಳೊಂದಿಗೆ ಕನ್ನಡಕ್ಕೂ ನೋಟಿನಲ್ಲಿ ಸ್ಥಾನವಿತ್ತು. 1922ರ ಮೇ 20ರಂದು ಫ್ರಾನ್ಸ್ ಕರಾವಳಿಯಾಚೆ ಮುಳುಗಿದ ‘ಈಜಿಪ್ಟ್’ ಹಡಗಿನಲ್ಲಿ ಚಿನ್ನ, ಬೆಳ್ಳಿಯ ಜೊತೆಗೆ ಹೈದರಾಬಾದಿಗೆ ಬರಬೇಕಿದ್ದ ನೋಟುಗಳ ಕಟ್ಟುಗಳೂ ಇದ್ದವು. ಹತ್ತು ವರ್ಷಗಳ ನಂತರ ಇಟಲಿಯ ಮುಳುಗುಗಾರರು ಅವುಗಳಲ್ಲಿ ಕೆಲವನ್ನು ಮೇಲೆತ್ತಿದರು. ಈಗ ಅವು ಸಂಗ್ರಾಹಕರ ಪಾಲು.

ನೋಟು ವ್ಯವಹಾರದ ಹೊಣೆಯನ್ನು 1942ರಲ್ಲಿ ಕೆಲಸ ಆರಂಭಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕ್‌ಗೆ ವಹಿಸಲಾಯಿತು. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂದು ಈ ಭಾಗದ ಊರೂರಲ್ಲಿ ಪರಿಚಿತವಾಗಿದ್ದ ಬ್ಯಾಂಕ್ ಇದೇ. 2017ರ ಏಪ್ರಿಲ್ 1ರಂದು ಅದು ಭಾರತೀಯ ಸ್ಟೇಟ್ ಬ್ಯಾಂಕ್‌ನಲ್ಲಿ ವಿಲೀನಗೊಂಡಿತು.

1948ರ ಸೆಪ್ಟೆಂಬರ್‌ನಲ್ಲಿ ಭಾರತ ಸೇನೆಯ ಮುಖ್ಯ ತುಕಡಿ ಸೊಲ್ಲಾಪುರದಿಂದ ಹೊರಟು ಇದೇ ಹೆದ್ದಾರಿಯಲ್ಲಿ ಹೈದರಾಬಾದಿನತ್ತ ಸಾಗಿತು. ಸಂಸ್ಥಾನ ಉಳಿಯಲಿಲ್ಲ, ಹಾಲಿ ಮಾತ್ರ ಕೂಡಲೇ ಅಳಿಯಲಿಲ್ಲ. 1950ರಲ್ಲಿ ಭಾರತದ ರೂಪಾಯಿಗೂ ಚಲಾವಣೆ ದೊರೆತು, 7ಕ್ಕೆ 6ರ ದರದಲ್ಲಿ ಎರಡೂ ಜೊತೆಯಾಗಿ ನಡೆದವು. ಆ ದಶಕ ಮುಗಿಯುವುದರೊಳಗೆ ಹಾಲಿ ಸಂಪೂರ್ಣವಾಗಿ ಮಾಜಿಯಾಯಿತು.

ಹಳೆಯ ಪತ್ರ ಓದುವವರಿಗೆ

ಹಾಲಿಯ ನೆನಪು ಈಗ ಉಳಿದಿರುವುದು ಮನೆಗಳ ಪೆಟ್ಟಿಗೆಯಲ್ಲಿ. ಆ ಕಾಲದ ಜಮೀನು ಖರೀದಿ, ಅಡಮಾನ, ಸಾಲದ ಪತ್ರಗಳಲ್ಲಿ ‘ಸಿಕ್ಕೆ ಉಸ್ಮಾನಿಯಾ’ ಅಥವಾ ‘ಓ.ಎಸ್.’ ಎಂದಿದ್ದರೆ ಅದು ಹಾಲಿ, ‘ಐ.ಜಿ.’ ಎಂದಿದ್ದರೆ ಕಲದಾರ. 1,400 ರೂಪಾಯಿ ಹಾಲಿಗೆ ಅಡವಿಟ್ಟ ಜಮೀನನ್ನು 1,200 ಕಲದಾರಕ್ಕೆ ಬಿಡಿಸಿಕೊಳ್ಳಬಹುದಿತ್ತು. ಈ ಎರಡಕ್ಷರ ಕಾಣದೆ ಹೋದರೆ ಲೆಕ್ಕದಲ್ಲಿ 200 ರೂಪಾಯಿ ತಪ್ಪುತ್ತದೆ. ಇಸವಿಯೂ ಹಲವೆಡೆ ಫಸಲಿಯಲ್ಲಿರುತ್ತದೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್‌ನಲ್ಲಿ ಆರಂಭವಾಗುತ್ತಿದ್ದುದರಿಂದ, ವರ್ಷದ ಮೊದಲ ತಿಂಗಳುಗಳ ಪತ್ರಕ್ಕೆ 590, ಜನವರಿಯ ನಂತರದ್ದಕ್ಕೆ 591 ಕೂಡಿಸಬೇಕು. 1350 ಫಸಲಿ ಎಂದರೆ 1940–41.